ಯಾವ ರಾಜ್ಯದಾಗ ಹಡಿಯೂದು?

ಉಳಿದ ಊರುಗಳಲ್ಲಿ ಹೆರಿಗೆಗೆ ತಯಾರಿ ಎಂದರೆ ಹಳೆ ಧೋತರ ಹರಿದು ತುಂಡು ಮಾಡಿಡುವುದು, ಕುಂಚಿಗಿ ಹೊಲಿಸುವುದು, ಅಂಟು ಉತ್ತತ್ತಿ ತಂದಿಡುವುದು. ನಮ್ಮ ವಾಗದರಿಯಲ್ಲಿ ಇವೆಲ್ಲ ಆಮೇಲಿನ ಮಾತು. ಮೊದಲು ಯಾವ ರಾಜ್ಯದಲ್ಲಿ ಹಡೆಯುವುದು ಅಂತ ಗೊತ್ತಾಗಬೇಕು.

ನಾನು ಹುಟ್ಟಿದ್ದು ಮಹಾರಾಷ್ಟ್ರದ ವಾಗದರಿಯಲ್ಲಿ, ಕೊಟ್ಟಿದ್ದು ಕರ್ನಾಟಕದ ಆಳಂದಕ್ಕೆ. ನಡುವೆ ಒಂದು ಗಡಿ. ದನ, ಆಡು, ಮದುವೆ ದಿಬ್ಬಣ, ಉದ್ರಿ ವಸೂಲಿಗೆ ಹೋಗುವವರು ಯಾರೂ ಆ ಗಡಿಗೆ ಕಿಮ್ಮತ್ತು ಕೊಟ್ಟವರಲ್ಲ. ಕರ್ನಾಟಕ ಸರ್ಕಾರವೇ ತನ್ನ 10ನೇ ರಾಜ್ಯ ಹೆದ್ದಾರಿಗೆ ವಾಗದರಿ–ರಿಬ್ಬನಪಲ್ಲಿ ರಸ್ತೆ ಅಂತ ನಮ್ಮೂರಿನ ಹೆಸರಿಟ್ಟುಕೊಂಡಿದೆ. ಊರು ಕೊಡದಿದ್ದರೆ ಬೇಡ, ಹೆಸರಾದರೂ ಇರಲಿ ಅಂತಲೋ ಏನೋ. ಆದರೆ ತಿಂಗಳು ತುಂಬಿದ ಬಸುರಿ ಬಂದಳೆಂದರೆ ಮಾತ್ರ ಮಲಗಿದ್ದ ಗಡಿ ಎದ್ದು ಕೂಡುತ್ತದೆ.

ನಮ್ಮ ಮನೆಯ ಹಿಂದಿನ ಕೋಣೆಗೆ ಇದರ ಅನುಭವ ಹೆಚ್ಚು. ಅಲ್ಲಿ ಮುತ್ಯಾ ಹುಟ್ಟಿದಾಗ ಅದು ಭೋಸಲೆಯವರ ಅಕ್ಕಲಕೋಟ ಸಂಸ್ಥಾನ. ಅಪ್ಪ ಹುಟ್ಟುವ ಹೊತ್ತಿಗೆ ಮುಂಬಯಿ ರಾಜ್ಯ. ನಾನು ಹುಟ್ಟಿದಾಗ ಮಹಾರಾಷ್ಟ್ರ. ಕೋಣೆ ಅದೇ, ತೊಲೆ ಅವೇ, ರಾಜ್ಯ ಮಾತ್ರ ಬಾಣಂತಿಗೊಂದು. ಆಚೆಯ ಆಳಂದ ನಿಜಾಮನದಾಗಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಈಚೆಗೆ ಉಳಿದೆವು. 1967ರಲ್ಲಿ ಮಹಾಜನ ಆಯೋಗದವರು ಅಕ್ಕಲಕೋಟ ಕರ್ನಾಟಕಕ್ಕೆ ಸೇರಲಿ ಎಂದು ವರದಿ ಕೊಟ್ಟರು. ಅಂದಿನಿಂದ ಮುತ್ಯಾ ಕಾಯುತ್ತಿದ್ದ. ನಾನು ಬಸುರಿ ಎಂದು ತಿಳಿದ ದಿನ ಹತ್ತಿರ ಕರೆದು ಹೇಳಿದ:

“ಅವಸರ ಮಾಡಬ್ಯಾಡವ್ವಾ. ವರದಿ ಜಾರಿ ಆತಂದ್ರ ಈ ಮನ್ಯಾಗೇ ಹಡದ್ರೂ ಕರ್ನಾಟಕದಾಗ ಹಡದಂಗೇ.”

ಒಂಬತ್ತು ತಿಂಗಳ ಗಡುವು ಇರುವುದು ನನಗೆ, ದಿಲ್ಲಿಯವರಿಗಲ್ಲ ಎಂದು ಆ ಹಿರಿಯ ಜೀವಕ್ಕೆ ಯಾರು ಹೇಳಬೇಕು?

ನನ್ನ ಹೆರಿಗೆ 2013ರ ಜನವರಿಯ ಮಾತು. ಆ ಕಡೆ 108 ಗಾಡಿ 2008ರಿಂದಲೇ ಕೂಗುತ್ತ ಓಡಾಡುತ್ತಿತ್ತು. ಈ ಕಡೆ ಅದಿನ್ನೂ ಬಂದಿರಲಿಲ್ಲ, ಬಂದದ್ದು 2014ಕ್ಕೆ. ಆ ಕಡೆ ತಾಯಿ ಕಾರ್ಡು. ಬಿಪಿಎಲ್ ಬಾಣಂತಿಗೆ ಮಡಿಲು ಕಿಟ್ಟು, ಅದರೊಳಗೆ ಸೊಳ್ಳೆಪರದೆಯಿಂದ ಹಿಡಿದು ಕೂಸಿನ ಸ್ವೆಟರಿನ ತನಕ. ಹೆಣ್ಣು ಹುಟ್ಟಿದರೆ ಭಾಗ್ಯಲಕ್ಷ್ಮಿ ಬಾಂಡು. ನಮ್ಮ ಮಾವನವರ ಹತ್ತಿರ ಬಿಪಿಎಲ್ ಕಾರ್ಡಿತ್ತು. ಟ್ರ್ಯಾಕ್ಟರಿನ ಕಂತು ಕಟ್ಟುವವರೆಲ್ಲ ಬಡವರೇ ಎಂಬುದು ಅವರ ನಂಬಿಕೆ.

ಈ ಕಡೆ ಏನಿತ್ತು? ಸೋಲಾಪುರ ಇತ್ತು. ಅಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು, ಓಣಿಗೊಂದು ಹೆರಿಗೆ ದವಾಖಾನೆ. ಕಲಬುರಗಿ, ವಿಜಾಪುರದ ಗಡಿ ಹಳ್ಳಿಯವರೂ ಜೀವಕ್ಕೆ ಬಂದರೆ ಗಾಡಿ ತಿರುಗಿಸುವುದು ಸೋಲಾಪುರಕ್ಕೇ. ಅವ್ವನಿಗೆ ಅಷ್ಟು ಸಾಕು. “ಚೊಚ್ಚಲ ಹೆರಿಗಿ ತವರಮನ್ಯಾಗ. ಆ ಕಿಟ್ಟಿನಾಗಿನ ಸೊಳ್ಳಿಪರದಿ ಬಂದು ಹಡಸ್ತದೇನು?” ಎಂದಳು.

ಹೀಗೆ ಅವ್ವ ಗೆದ್ದೇಬಿಟ್ಟಳು ಅನ್ನುವಾಗ ಸಂವಿಧಾನದ 371(ಜೆ) ವಿಧಿ ಬಂತು. ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು, ಹೊಸ ವರ್ಷದ ಮೊದಲ ದಿನ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹೈದರಾಬಾದ್ ಕರ್ನಾಟಕದಲ್ಲಿ ಹುಟ್ಟಿದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ! ಮಾವನವರು ಆ ಸುದ್ದಿ ಬಂದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಳಿಸಿದರು. ನನ್ನ ಹೊಟ್ಟೆಯಲ್ಲಿ ಇನ್ನೂ ಕಾಲು ಆಡಿಸುತ್ತಿದ್ದ ಕೂಸು ಅವರ ಜೇಬಿನಲ್ಲಿ ಆಗಲೇ ತಹಶೀಲ್ದಾರ ಆಗಿತ್ತು.

ಕುಬಸ ಮುಗಿಸಿ ನನ್ನನ್ನು ತವರಿಗೆ ಕರೆದೊಯ್ಯಲು ಕ್ರೂಸರ್ ಬಂತು. ಎಂಎಚ್ 13 ಪಾಸಿಂಗ್, ನಮ್ಮೂರಿನದೇ ಗಾಡಿ. ನಡುವಿನ ಸೀಟಿನಲ್ಲಿ ದಿಂಬು ಇಟ್ಟು ನನ್ನನ್ನು ಉದ್ದಕ್ಕೆ ಒರಗಿಸಿದರು, ತಲೆ ಡ್ರೈವರ್ ಕಡೆಗೆ, ಕಾಲು ಹಿಂದಕ್ಕೆ. ಸುತ್ತ ಅವ್ವ, ಅಪ್ಪ, ಕಾಕಾ, ಕಾಕಿ. ಕಳಿಸಿ ಬರುವ ನೆಪದಲ್ಲಿ ಅತ್ತಿ ಮಾವ. ಉಳಿದ ಸಂದುಗಳಲ್ಲಿ ಹೋಳಿಗೆ ಬುಟ್ಟಿ.

ಹಿರೋಳಿ ದಾಟಿ ಗಡಿ ಹತ್ತಿರ ಬಂದಿತ್ತು. ಹೊಟ್ಟೆಯಲ್ಲಿ ಏನೋ ಹಿಡಿದು ತಿರುವಿತು. “ಅಯ್ಯವ್ವಾ!” ಎಂದೆ. ಡ್ರೈವರ್ ಬ್ರೇಕ್ ಒತ್ತಿದ. ನಮ್ಮ ಕಡೆ ಗಡಿಯನ್ನು ಕಲ್ಲು ನೋಡಿ ಗುರುತಿಸುವುದಿಲ್ಲ, ಡಾಂಬರು ನೋಡಿ. ಯಾವ ಕಡೆಯದು ಚಲೋ ಎಂಬುದು ಆ ವರ್ಷ ಟೆಂಡರ್ ಎಲ್ಲಿ ಆಗಿದೆ ಎಂಬುದರ ಮೇಲೆ. ಕಾಕಾ ಇಳಿದು ನೋಡಿ ಸಾರಿದ: “ಮುಂದಿನ ಗಾಲಿ ಮಹಾರಾಷ್ಟ್ರದಾಗ ಅದ, ಹಿಂದಿನ ಗಾಲಿ ಕರ್ನಾಟಕದಾಗ.”

ಗಂಡಸರೆಲ್ಲ ಇಳಿದರು. ನನಗೇನಾಗಿದೆ ಎಂದು ನೋಡಲು ಅಲ್ಲ, ಗಾಲಿ ನೋಡಲು.

ಮಾವನವರ ಕೈ ತಾನಾಗಿ ಜೇಬಿಗೆ ಹೋಯಿತು. “ಗಾಡಿ ಹಿಂದ ತಗೀರಿ. ಬ್ಯಾನಿ ಎದ್ದದ್ದು ನಮ್ಮ ರಾಜ್ಯದಾಗ.”

“ಬ್ಯಾನಿ ಎಲ್ಲಿ ಎದ್ದರೇನ್ರಿ ಬೀಗರ, ಹೊಂಟದ್ದು ಎಲ್ಲಿಗಿ? ಮುಂದ ನಡೀಲಿ” ಎಂದ ಅಪ್ಪ.

ಡ್ರೈವರ್ ದೊಡ್ಡವರ ಮಾತಿಗೆ ಬೆಲೆ ಕೊಡುವ ಹುಡುಗ. ಮಾವ ಅಂದಾಗ ಒಂದು ಮಾರು ಹಿಂದೆ, ಅಪ್ಪ ಅಂದಾಗ ಒಂದು ಮಾರು ಮುಂದೆ. ನಾನು ಮಲಗಿದಲ್ಲೇ ಎರಡು ರಾಜ್ಯಗಳನ್ನು ಸುತ್ತಿ ಬರುತ್ತಿದ್ದೆ. ಅಲ್ಲೇ ಆಡು ಕಾಯುತ್ತಿದ್ದ ಮುದುಕನೊಬ್ಬ ಗಡಿ ಸಮಿತಿಗೆ ತಾನೂ ಸದಸ್ಯನಾದ. “ನೀವು ನಿಂತದ್ದು ಗಡಿ ಅಲ್ಲರಿ. ಆ ಜಾಲಿ ಗಿಡ ಅದಲ್ಲ, ಅದು ಗಡಿ. ಮುಂಜಾನಿ ಅದರ ನೆಳ್ಳು ಮಹಾರಾಷ್ಟ್ರಕ್ಕ, ಸಂಜೀಕ ಕರ್ನಾಟಕಕ್ಕ.” ಎಲ್ಲರೂ ಜಾಲಿ ಗಿಡದ ನೆರಳು ಹುಡುಕಿದರು. ನಡುಮಧ್ಯಾಹ್ನ. ಗಿಡ ತನ್ನ ನೆರಳನ್ನು ಉತ್ತರಕ್ಕೆ ಚೆಲ್ಲಿ ಯಾವ ಪಕ್ಷಕ್ಕೂ ಸೇರದೆ ನಿಂತಿತ್ತು.

ಮಾವನವರು 108ಕ್ಕೆ ಹಚ್ಚಲು ಫೋನ್ ತೆಗೆದರು. ಅಷ್ಟರಲ್ಲಿ ಟಣ್ ಎಂದು ಮೆಸೇಜು: ಮಹಾರಾಷ್ಟ್ರಕ್ಕೆ ಸುಸ್ವಾಗತ, ನೀವೀಗ ರೋಮಿಂಗಿನಲ್ಲಿದ್ದೀರಿ. ಅವರು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಆಳಂದದ ದಿಕ್ಕಿಗೆ ಹೆಜ್ಜೆ ಹಾಕಿದರು. ಕರ್ನಾಟಕದ ಟವರ್ ಸಿಕ್ಕಿತು. ಸಿಕ್ಕಿದ ಖುಷಿಗೆ ನಮಗೆ ಹೇಳಲು ತಿರುಗಿ ಬಂದರು, ಟವರ್ ಹೋಯಿತು.

ಆಗ ಕಾಕಾ ಕಾನೂನಿನ ಪ್ರಶ್ನೆ ಎತ್ತಿದ. ಅಕ್ಕಲಕೋಟ ಕೋರ್ಟಿಗೆ ಒಂದು ಬಾಂದಿನ ಕೇಸಿಗಾಗಿ ಅಡ್ಡಾಡಿ ಅಡ್ಡಾಡಿ ಅರ್ಧ ವಕೀಲನಾದವನು. “ಗಾಡಿ ಹಿಂಗೇ ನಿಂತಿದ್ದಾಗ ಕೂಸು ಹುಟ್ಟಿತು ಅಂತ ತಿಳೀರಿ. ಹುಡುಗಿ ತಲಿ ಮಹಾರಾಷ್ಟ್ರದಾಗ, ಕಾಲು ಕರ್ನಾಟಕದಾಗ. ಕೂಸು ಯಾವ ರಾಜ್ಯದ್ದು?”

ಒಂದು ಗಳಿಗೆ ಎಲ್ಲ ಸುಮ್ಮನಾದರು. ಅತ್ತಿಯವರು ಗಾಡಿಯೊಳಗಿಂದಲೇ ತೀರ್ಪು ಕೊಟ್ಟರು: “ಹಡಿಯೂದು ತಲೀಲಿಂದಲ್ಲ. ಕೂಸು ಕರ್ನಾಟಕದ್ದೇ.”

ಅಪ್ಪನ ಮುಖ ಸಣ್ಣದಾಯಿತು. “ಹಂಗಾದ್ರ ಗಾಡಿ ತಿರುಗಿಸಿ ನಿಂದ್ರಸು” ಎಂದು ಡ್ರೈವರನಿಗೆ ಹೇಳಿದ. ಅವ್ವ ನನ್ನನ್ನೇ ತಿರುಗಿಸುವುದು ಹಗುರ ಎಂದು ದಿಂಬಿಗೆ ಕೈ ಹಾಕಿದಳು.

ಇಷ್ಟೆಲ್ಲ ನಡೆಯುವಾಗ ನಾನೇನು ಮಾಡುತ್ತಿದ್ದೆ? ನೋವು ಎಂದೋ ನಿಂತಿತ್ತು. ಹೇಳಲಿಲ್ಲ. ಎರಡು ರಾಜ್ಯಗಳು ತನಗಾಗಿ ಹೊಡೆದಾಡುವ ಸುಖ ಅಲ್ಲಿಯವರೆಗೆ ಬೆಳಗಾವಿಗೆ ಮಾತ್ರ ಸಿಕ್ಕಿತ್ತು, ಬಿಡಲು ಮನಸ್ಸು ಬರಲಿಲ್ಲ. ಆಗಾಗ ಸಣ್ಣಗೆ ನರಳಿದೆ. ಕೊನೆಗೆ ಮೋಸ ಮಾಡಿದ್ದು ತೇಗು. ಕ್ರೂಸರಿನ ಗಾಜು ನಡುಗುವಂಥದ್ದು.

ಅತ್ತಿಯವರು ಹೊಟ್ಟೆ ಒತ್ತಿ ನೋಡಿ, “ಎಷ್ಟು ಹೋಳಿಗಿ ತಿಂದಿ?” ಎಂದರು. ಉತ್ತರಕ್ಕೆ ಕಾಯಲಿಲ್ಲ. “ಇಳೀರಿ ಅಂದವರ್ಯಾರು, ಹತ್ರಿ ಗಾಡಿ! ಇದು ಕೂಸಿನ ಬ್ಯಾನಿ ಅಲ್ಲ, ಕಡ್ಲಿಬ್ಯಾಳಿ ಬ್ಯಾನಿ.”

ಗಾಡಿ ಹೊರಟ ಮೇಲೆ ಮಾವನವರ ಪೇಪರು ಕೇಳಿ ಇಸಿದುಕೊಂಡೆ. ಮೀಸಲಾತಿ ಆ ಪ್ರದೇಶದಲ್ಲಿ ಹುಟ್ಟಿದವರಿಗೆ, ಇಲ್ಲವೇ ಅಲ್ಲಿ ಕಾಯಂ ವಾಸ ಇದ್ದವರಿಗೆ ಎಂದು ಸ್ಪಷ್ಟವಾಗಿ ಬರೆದಿತ್ತು. ವಾಕ್ಯದ ಉಳಿದರ್ಧ ಮಡಿಕೆಯ ಆಚೆ ಹೋಗಿತ್ತು, ಅಷ್ಟೇ. ಸಂವಿಧಾನವನ್ನು ಯಾರೂ ಅಂಗಿಯ ಜೇಬಿನ ಅಳತೆಗೆ ಮಡಚಬಾರದು.

ಮುಂದಿನದಕ್ಕೆ ಹೆಚ್ಚು ಮಾತು ಬೇಡ. ನಿಜವಾದ ಬ್ಯಾನಿ ಎದ್ದದ್ದು ಸಂಕ್ರಾಂತಿಯ ಹೊತ್ತಿಗೆ, ಸೋಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ ನಡೆದಾಗ. ಅಕ್ಕಲಕೋಟದಿಂದ ಸುಮಾರು 40 ಕಿಲೋಮೀಟರ್ ಹಾಯಾಗಿ ಹೋದೆವು, ಊರೊಳಗೆ ಸಿಕ್ಕಿಕೊಂಡೆವು. ಏಳು ನಂದಿಧ್ವಜಗಳು ಬೀದಿಗಿಳಿದಿದ್ದವು. ಬಿಳಿ ಬಟ್ಟೆಯವರ ಸಮುದ್ರ. ಸಿದ್ಧರಾಮನ ಯೋಗದಂಡಕ್ಕೂ ಕುಂಬಾರರ ಕನ್ಯೆಗೂ ಅಕ್ಷತೆ ಬೀಳುವ ಹಬ್ಬ. ಊರಿಗೆ ಊರೇ ಮದುವೆಗೆ ಬಂದಿತ್ತು, ನಾನು ಅದರ ಮುಂದಿನ ಕಾರ್ಯಕ್ರಮಕ್ಕೆ ಹೊರಟಿದ್ದೆ. ಪೊಲೀಸನೊಬ್ಬ ಗಾಡಿಯೊಳಗೆ ಇಣುಕಿ ನೋಡಿ, ಬ್ಯಾರಿಕೇಡ್ ಸರಿಸಿ ದಾರಿ ಕೊಟ್ಟ. ಆತನ ಹೊಟ್ಟೆ ತಣ್ಣಗಿರಲಿ.

ದವಾಖಾನೆಯ ಹೆಸರು ಬೇಡ, ಜಾತ್ರೆಯ ಅರ್ಧ ಅಲ್ಲೇ ಇತ್ತು. ಕೇಸ್ ಪೇಪರಿಗೆ ಸಾಲು, ಲಿಫ್ಟಿಗೆ ಸಾಲು, ಒಂದು ಕಾಟಿಗೆ ಇಬ್ಬರು. ಬಾಗಿಲಲ್ಲಿ ಆಯಾ ಮಾವಶಿ “ಪೇಶಂಟಿನ ಕೂಡ ಒಬ್ಬರೇ” ಎಂದಳು. ನಮ್ಮವರು ಹದಿನಾರು ಮಂದಿ, ಆ ಒಬ್ಬರು ತಾವೇ ಎಂದು ಪ್ರತಿಯೊಬ್ಬರೂ ವಾದಿಸಿದರು. ಥರ್ಮಾಸು, ಚಾದರು, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಒಳಗೆ ಬಂದವು. ಎರಡು ರಾಜ್ಯದ ಎರಡು ಕಾರ್ಡುಗಳೂ ಬಂದವು. ರಕ್ತದ ಗುಂಪಿನ ಚೀಟಿ ಮಾತ್ರ ವಾಗದರಿಯ ಮಾಡದಲ್ಲಿ ಆರಾಮಾಗಿ ಕೂತಿತ್ತು.

ನನ್ನ ಕಾಟಿನ ಇನ್ನರ್ಧದಲ್ಲಿ ಬೀಡ ಕಡೆಯ ಹೆಣ್ಣುಮಗಳೊಬ್ಬಳಿದ್ದಳು. ಕಬ್ಬು ಕಡಿಯಲು ಬಂದವಳು, ಕಬ್ಬಿನ ಫಡದಿಂದ ನೇರ ಇಲ್ಲಿಗೆ. ಜೊತೆಗೆ ಏಳೆಂಟು ವರ್ಷದ ಮಗಳು ಮಾತ್ರ. “ಮನೆಯವರು?” ಎಂದೆ. ಬಿಟ್ಟು ತಿರುಗಿ ಫಡಕ್ಕೆ ಹೋದರು ಎಂದಳು. ಸೀಜನ್ನಿಗೆ ಮುಂಚೆಯೇ ಕೂಲಿ ಕರೆತರುವ ಮುಕಾದಮನಿಂದ ಉಚಲ್, ಅಂದರೆ ಮುಂಗಡ, ಎತ್ತಿರುತ್ತಾರೆ. ಗಂಡ ಹೆಂಡತಿ ಕೂಡಿ ಲೆಕ್ಕಕ್ಕೆ ಒಂದು ಕೊಯ್ತಾ, ಒಂದು ಕುಡುಗೋಲು. ಒಬ್ಬರು ಕೆಲಸ ತಪ್ಪಿಸಿದರೂ ಖಾಡಾ, ದುಡ್ಡು ಮುರಿಯುತ್ತದೆ. ಆಕೆ ಹಡೆಯುವುದೂ ಖಾಡಾ. ಆಕೆಯ ಕಾರ್ಡು ಊರಲ್ಲೇ ಉಳಿದಿತ್ತು. ಸಿಸ್ಟರ್ ಗೊಣಗದೆ ಹೊಸದು ಬರೆದುಕೊಟ್ಟರು. 2011ರಿಂದ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ, ಔಷಧಿ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಪುಕ್ಕಟೆ. ಆದರೆ ಗಾಡಿ ಎಲ್ಲಿಗೆ ಬಿಡಬೇಕು ಎಂದು ಕೇಳಿದಾಗ ಆಕೆ ಹೇಳಿದ್ದು ಊರಿನ ಹೆಸರಲ್ಲ, ಸಕ್ಕರೆ ಕಾರಖಾನೆಯ ಹೆಸರು. ಅವರ ಗುಡಿಸಲು, ಕೋಪಿ, ಅಲ್ಲೇ ಹೊಲದಲ್ಲಿತ್ತು.

ಆಕೆಯ ಕೂಸು ಯಾವ ರಾಜ್ಯದ್ದು, ಯಾವ ಜಿಲ್ಲೆಯದ್ದು ಎಂದು ಜಗಳಾಡಲು ಯಾರೂ ಇರಲಿಲ್ಲ. ಹೊರಗೆ ನಮ್ಮ ಹದಿನಾರು ಮಂದಿ, ಜನನ ದಾಖಲೆಯಲ್ಲಿ ಕಾಯಂ ವಿಳಾಸ ಯಾರದು ಬರೆಸುವುದು ಎಂದು ಆಗಲೇ ಧ್ವನಿ ಏರಿಸಿದ್ದರು. ಮೊದಲ ಸಲ ಅವರ ಮೇಲೆ ನನಗೆ ಸಿಟ್ಟು ಬಂತು. ಅವ್ವನ ಬುಟ್ಟಿಯ ಅಂಟಿನ ಉಂಡಿಗಳಲ್ಲಿ ಅರ್ಧ ಆ ಕಡೆಗೆ ಸರಿಸಿದೆ. ಅವ್ವ ನೋಡಿದಳು, ಏನೂ ಅನ್ನಲಿಲ್ಲ. ಮರುದಿನ ಎರಡು ಡಬ್ಬಿ ತಂದಳು.

ನನಗೆ ಹೆಣ್ಣು ಹುಟ್ಟಿತು, ನಾರ್ಮಲ್. ಹುಟ್ಟಿದ ಸ್ಥಳ ಸೋಲಾಪುರ, ಓದುತ್ತಿರುವುದು ಆಳಂದದಲ್ಲಿ. ಭಾಗ್ಯಲಕ್ಷ್ಮಿ ಬಾಂಡಿಗೆ ಮಾವನವರು ಅರ್ಜಿ ಹಾಕಹೊರಟಾಗ ಅತ್ತಿಯವರು ಟ್ರ್ಯಾಕ್ಟರಿನ ಕಡೆ ಬೊಟ್ಟು ಮಾಡಿ ತಡೆದರು. ಮುತ್ಯಾ ಹೋಗಿ ಬಹಳ ವರ್ಷವಾಯಿತು, ವರದಿ ಇನ್ನೂ ಜಾರಿಯಾಗಿಲ್ಲ. ಗಡಿ ಖಟ್ಲೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ.

ಅದು ಮುಗಿಯಲಿ ಅಂತ ಯಾವ ಕೂಸೂ ಕಾಯುವುದಿಲ್ಲ. ಆದ್ದರಿಂದ ಗಡಿ ಸೀಮೆಯ ತಂಗಿಯರೇ, ತಯಾರಿ ಇಷ್ಟು ಮಾಡಿಕೊಳ್ಳಿರಿ: ರಕ್ತದ ಗುಂಪಿನ ಚೀಟಿ ಕಾರ್ಡಿನೊಳಗೇ ಇರಲಿ, ಹೋಳಿಗೆ ಮಿತಿಯಲ್ಲಿರಲಿ, ಉಂಡಿ ಎರಡು ಡಬ್ಬಿ ಇರಲಿ. 108 ಈಗ ಎರಡೂ ಕಡೆ ಇದೆ. ಗಂಡಸರು ಜೇಬಿನಿಂದ ಪೇಪರು ತೆಗೆಯುವ ಮೊದಲೇ ಫೋನು ಹಚ್ಚಿಬಿಡಿರಿ.