ಕಾಕಾನ ಎಂಟನೆಯ ಬಾರಕೋಲು

ನಮ್ಮೂರು ತಂಗಡಗಿ, ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿದೆ. ಕಲ್ಯಾಣದಿಂದ ಬಂದ ನೀಲಮ್ಮ ಕೂಡಲಸಂಗಮಕ್ಕೆ ಹೋಗದೆ ಇಲ್ಲೇ ಐಕ್ಯಳಾದಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕರೆ ಕಳಿಸಿದವನು ಸ್ವತಃ ಬಸವಣ್ಣ. ಆದರೂ ದೇವರನ್ನು ಕಾಣಲು ಹೊಳೆ ದಾಟಬೇಕಾಗಿಲ್ಲ ಅಂದುಕೊಂಡಳು ತಾಯಿ. ಅಂಥವಳ ಊರವರು ನಾವು, ಸಂಕ್ರಮಣ ಬಂತೆಂದರೆ ಮನೆಯಲ್ಲಿ ನಿಲ್ಲುವುದಿಲ್ಲ! ಪರವೂರ ಮಂದಿ ನಮ್ಮ ಹೊಳೆಗೆ ಜಳಕಕ್ಕೆ ಬರುವ ಹೊತ್ತಿಗೆ ನಾವು ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಕ್ರೂಸರ್ ಹತ್ತಿರುತ್ತೇವೆ.

ಕ್ರೂಸರಿನಲ್ಲಿ ಮುಂದಿನ ಸೀಟು ನಮ್ಮ ಕಾಕಾನದು. ಹಿಂದೆ ನಾವು ಹದಿನಾಲ್ಕು ಜನ, ಜತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಗಂಟು, ಶೇಂಗಾ ಹೋಳಿಗೆ, ಎಣಗಾಯಿ, ಗುರೆಳ್ಳು ಚಟ್ನಿ. ಊರ ಅಗಸಿ ದಾಟುವಷ್ಟರಲ್ಲಿ ಗಂಟು ಬಿಚ್ಚಿಯಾಗಿರುತ್ತದೆ.

ಜಾತ್ರೆಯಲ್ಲಿ ನಂದಿಕೋಲಿನ ಮೆರವಣಿಗೆ ಇದೆ, ಮದ್ದು ಸುಡುವುದಿದೆ, ಕುಸ್ತಿ ಇದೆ, ಭಾರ ಎತ್ತುವವರಿದ್ದಾರೆ. ಆಕಾಶಕ್ಕೆ ಏರುವ ತೊಟ್ಟಿಲಲ್ಲಿ ಕೂತು ನಮ್ಮ ಕಾಕು ಒಮ್ಮೆ ಚೀರಿದ್ದು ಮದ್ದಿನ ಸಪ್ಪಳಕ್ಕಿಂತ ಜೋರಾಗಿತ್ತು. ಕಾಕಾನಿಗೆ ಇದಾವುದೂ ಬೇಡ. ಗುಡಿಗೆ ಹೋಗಿ ಕೈ ಮುಗಿದವನೇ ದನದ ಜಾತ್ರೆಗೆ ತೊರವೆಯ ದಾರಿ ಹಿಡಿಯುತ್ತಾನೆ. ರಾಮಾಯಣ ಬರೆದ ಕವಿಯ ಊರು ಅದು, ಆದರೆ ಕಾಕಾ ಅಲ್ಲಿ ಓದುವುದು ಎತ್ತಿನ ಬಾಯಿಯನ್ನು.

ದನದ ಮುಂಬಾಯಲ್ಲಿ ಮೇಲೆ ಹಲ್ಲಿಲ್ಲ, ಕೆಳಗಷ್ಟೇ ಎಂಟು. ಹಾಲುಹಲ್ಲು ಬಿದ್ದು ಜೋಡಿ ಜೋಡಿಯಾಗಿ ದೊಡ್ಡ ಹಲ್ಲು ಬಂದಂತೆ ವಯಸ್ಸು ತಿಳಿಯುತ್ತದೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕಡೆಗೆ ಬಾಯಿಗೂಡಿದ್ದು. ನಾಲ್ಕು ಹಲ್ಲಿನ ಹೋರಿಗೆ ಸುಮಾರು ಮೂರು ವರ್ಷ. ಕಾಕಾನ ಬಾಯಲ್ಲೂ ಈಗ ಉಳಿದಿರುವುದು ನಾಲ್ಕೇ. ಈ ಲೆಕ್ಕ ಅವನ ಮುಂದೆ ಹೇಳಿ ನಾನೊಮ್ಮೆ ಬೈಸಿಕೊಂಡಿದ್ದೇನೆ.

ಬಿಳಿಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೋಡು, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಝೂಲ; ಖಿಲಾರಿ ಜೋಡಿ ನಿಂತರೆ ಮದುಮಕ್ಕಳು ನಿಂತಂತೆ. ಅವುಗಳ ಮುಂದೆ ಕಾಕಾ ನಿಂತರೆ ಬೀಗರು ನಿಂತಂತೆ. ಬಾಲ ಎತ್ತಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಒಂದು ಮಾತು ಹೇಳುವುದು ಬಿಟ್ಟೆ. ನಮ್ಮ ಮನೆಯಲ್ಲಿ ಎತ್ತು ಮಾರಿ ಏಳು ವರ್ಷವಾಯಿತು, ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಧಾರವಾಡದ ಕೃಷಿ ಮೇಳಕ್ಕಾದರೂ ಬಾ, ಹೊಸ ಯಂತ್ರ ಬಂದಿರುತ್ತವೆ ಎಂದರೆ, "ಅದಕ್ಕ ಹಲ್ಲ ಎಲ್ಲಿ ಎಣಸೂದೋ ತಮ್ಮಾ?" ಎನ್ನುತ್ತಾನೆ.

ಇಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಒಳಗೆ ಕೈಗೆ ಕೈ ಸೇರಿಸಿ ಬೆರಳು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಸಾವಿರವೋ ಲಕ್ಷವೋ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಪಕ್ಕದಲ್ಲಿ ನಿಂತವನಿಗೆ ತಿಳಿದರೆ ಮುಂದಿನ ಗಿರಾಕಿಯ ಹತ್ತಿರ ಮಾತು ಕೆಡುತ್ತದೆ, ಅದಕ್ಕೇ ಈ ಗುಟ್ಟು. ಪ್ರತಿ ವರ್ಷ ಕಾಕಾ ಯಾರೂ ಒಪ್ಪದ ದರಕ್ಕೆ ಬೆರಳು ಹಿಡಿಯುತ್ತಾನೆ, ಎದುರಿನವನು ಕೈ ಕೊಡವಿಕೊಳ್ಳುತ್ತಾನೆ, "ಜಾತ್ರಿ ತುಟ್ಟಿ ಆತು" ಎನ್ನುತ್ತ ಕಾಕಾ ಖುಷಿಯಿಂದ ಭಜಿ ಅಂಗಡಿಗೆ ಬರುತ್ತಾನೆ.

ಕಳೆದ ಸಲ ಏನಾಯಿತೋ, ಎದುರಿನ ಮುದುಕ ಟವೆಲಿನಿಂದ ಕೈ ತೆಗೆದು, "ಆತ್ರಿ ಗೌಡ್ರ, ಹೊಡ್ಕೊಂಡ ಹೋಗ್ರಿ" ಅಂದುಬಿಟ್ಟ.

ಕಾಕಾನ ಮುಖ ನೋಡಬೇಕಿತ್ತು. ಕಿಸೆಯಲ್ಲಿ ಇದ್ದದ್ದು ಕ್ರೂಸರ್ ಬಾಡಿಗೆ, ಮೇಲೆ ಇನ್ನೂರು ರೂಪಾಯಿ. ಮತ್ತೆ ಹಲ್ಲು ನೋಡಿದ, ಸರಿಯಾಗಿದ್ದವು. ಮತ್ತೆ ನಡೆಸಿದ, ಚೆನ್ನಾಗಿ ನಡೆದವು. ಹತ್ತು ನಿಮಿಷ ಹುಡುಕಿ, ಕಡೆಗೊಂದು ಹೋರಿಯ ಬೆನ್ನ ಮೇಲೆ ಬೆರಳಿಟ್ಟು, "ಈ ಸುಳಿ ನಮ್ಮ ಮನಿಗಿ ಕೂಡೂದಿಲ್ರಿ" ಅಂದ. ಮುದುಕ ನಕ್ಕ. "ಹೋದ ವರ್ಷನೂ ಬ್ಯಾರೆ ಜೋಡಿಗಿ ಇದನ್ನ ಹೇಳಿದ್ರಿ, ತಂಗಡಗಿಯವ್ರು. ನನಗ ನೆನಪೈತಿ."

ಇಷ್ಟಾದ ಮೇಲೆ ಬರಿಗೈಲಿ ಬರುವುದು ಚೆನ್ನಾಗಿರುವುದಿಲ್ಲವಲ್ಲ. ಪಕ್ಕದ ಅಂಗಡಿಯಲ್ಲಿ, ಎಂದಿನಂತೆ, ಗೊಂಡೆ ಕಟ್ಟಿದ ಒಂದು ಬಾರಕೋಲು ಕೊಂಡ. ಮನೆಗೆ ಬಂದಾಗ ಕಾಕು ಏನೂ ಕೇಳಲಿಲ್ಲ, ಗೋಡೆಯ ಗೂಟ ತೋರಿಸಿದಳು ಅಷ್ಟೆ. ಅಲ್ಲಿ ಆಗಲೇ ಏಳು ತೂಗುತ್ತಿದ್ದವು.

ನಿಮಗೆ ಯಾರಿಗಾದರೂ ಬಾರಕೋಲು ಬೇಕಿದ್ದರೆ ತಂಗಡಗಿಗೆ ಬನ್ನಿ. ಟವೆಲು ಮಾತ್ರ ನೀವೇ ತರಬೇಕು.