ಪರಪುರಪ್ರವೇಶ: ಸಂಶೋಧನ ಪತ್ರಿಕೆಗಳ ನೀತಿಶಾಸ್ತ್ರಕ್ಕೊಂದು ಕಿರುಗಾಣಿಕೆ

ಸಾರಾಂಶ: ಸಂಶೋಧನ ಪತ್ರಿಕೆಗಳಲ್ಲಿ ಲೇಖನ ಪ್ರಕಟಿಸುವಾಗ ಪಾಲಿಸಬೇಕಾದ ನೀತಿಯನ್ನು ಈ ಪ್ರಬಂಧ ಕೂಲಂಕಷವಾಗಿ ಪರಿಶೀಲಿಸುತ್ತದೆ. ಸಾರಾಂಶವನ್ನಷ್ಟೇ ಓದಿ ಪ್ರಬಂಧವನ್ನು ಉಲ್ಲೇಖಿಸುವ ವಿದ್ವಾಂಸರ ಅನುಕೂಲಕ್ಕಾಗಿ ಫಲಿತವನ್ನು ಇಲ್ಲಿಯೇ ಹೇಳಿಬಿಡುತ್ತೇವೆ: ಪ್ರಾಕ್ಕಲ್ಪನೆ ಸಾಬೀತಾಗಿದೆ. ಅದು ಯಾವ ಪ್ರಾಕ್ಕಲ್ಪನೆ ಎಂದು ತಿಳಿಯಬೇಕಾದವರು ಒಳಗೆ ಓದಬೇಕು. ಅಂಥವರು ಇದ್ದಾರೆಂಬುದಕ್ಕೆ ಆಧಾರ ಇನ್ನೂ ದೊರೆತಿಲ್ಲ.

ಕೀಲಿಪದಗಳು: ನೀತಿ, ಬಡ್ತಿ, ಶೇಕಡಾವಾರು, ಬಡ್ತಿ, ಬೆಕ್ಕು, ಬಡ್ತಿ.

ಪೀಠಿಕೆ

ಮೊದಲಿಗೆ ಒಂದು ಪರಿಭಾಷೆ. ಈ ಪ್ರಬಂಧದಲ್ಲಿ ‘ನಾವು’ ಎಂದಲ್ಲೆಲ್ಲ ಪ್ರಸ್ತುತ ಲೇಖಕನೊಬ್ಬನೇ ಎಂದು ತಿಳಿಯತಕ್ಕದ್ದು. ಮಠಾಧೀಶರು, ಮಹಾರಾಜರು ಮತ್ತು ಸಹ ಪ್ರಾಧ್ಯಾಪಕರು ಬಹುವಚನದಲ್ಲಿ ಮಾತಾಡುವುದು ನಮ್ಮಲ್ಲಿ ರೂಢಿ. ಪರದೇಶದಲ್ಲಿ ಈ ರೂಢಿಗೆ ಅಡ್ಡಿ ಬಂದದ್ದುಂಟು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಾಕ್ ಹೆದರಿಂಗ್ಟನ್ 1975ರಲ್ಲಿ ಹೀಲಿಯಂ-3 ಕುರಿತು ಬರೆದ ಲೇಖನದ ತುಂಬ ‘ನಾವು’ ಇತ್ತು, ಬರೆದವರು ಮಾತ್ರ ಒಬ್ಬರೇ. ‘ಫಿಸಿಕಲ್ ರಿವ್ಯೂ ಲೆಟರ್ಸ್’ನವರು ಇದನ್ನು ಒಪ್ಪುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಟೈಪ್‌ರೈಟರಿನ ಕಾಲ. ಇಡೀ ಲೇಖನವನ್ನು ಮತ್ತೆ ಕುಟ್ಟುವುದಕ್ಕಿಂತ ಇನ್ನೊಬ್ಬ ಲೇಖಕನನ್ನು ಸೇರಿಸಿಕೊಳ್ಳುವುದು ಸಲೀಸಾಗಿ ಕಂಡಿತು. ಮನೆಯಲ್ಲಿ ಚೆಸ್ಟರ್ ಎಂಬ ಸಯಾಮಿ ಬೆಕ್ಕಿತ್ತು. ಅದು ಎಫ್. ಡಿ. ಸಿ. ವಿಲ್ಲರ್ಡ್ ಎಂಬ ಹೆಸರಿನಲ್ಲಿ ಸಹಲೇಖಕನಾಯಿತು. ವಿಲ್ಲರ್ಡ್ ಎನ್ನುವುದು ಅದರ ತಂದೆಯ ಹೆಸರು. ಹೆಸರಿನ ಜೊತೆ ಅಪ್ಪನ ಹೆಸರನ್ನು ಇಟ್ಟುಕೊಳ್ಳುವ ಮಟ್ಟಿಗೆ ಆ ಬೆಕ್ಕು ಕನ್ನಡಿಗರ ಪೈಕಿಯೇ. ಲೇಖನದ ಕೆಲವು ಪ್ರತಿಗಳಿಗೆ ಪಂಜ ಒತ್ತಿ ಸಹಿಯನ್ನೂ ಹಾಕಿತು.

ನೀತಿಪಂಡಿತರು ಇದನ್ನು ತಮಾಷೆ ಎಂದು ತಳ್ಳಿಹಾಕಿದ್ದಾರೆ. ನಾವು ಹಾಗೆ ಮಾಡುವುದಿಲ್ಲ, ಏಕೆಂದರೆ ನಮಗೆ ಲೆಕ್ಕ ಗೊತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಬಡ್ತಿಯ ಲೆಕ್ಕಕ್ಕೆ ವಿಜ್ಞಾನದ ಒಂದು ಲೇಖನಕ್ಕೆ 8 ಅಂಕ, ಭಾಷೆ ಮತ್ತು ಮಾನವಿಕಗಳ ಲೇಖನಕ್ಕೆ 10. ಇಬ್ಬರು ಸೇರಿ ಬರೆದರೆ ತಲಾ ಶೇ. 70. ಇಬ್ಬರಿಗಿಂತ ಹೆಚ್ಚಿದ್ದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಅಂದರೆ ಹೆದರಿಂಗ್ಟನ್ನರಿಗೆ 5.6, ಬೆಕ್ಕಿಗೆ 5.6, ಒಟ್ಟು 11.2. ಒಬ್ಬಂಟಿಯಾಗಿ ಬರೆದಿದ್ದರೆ ಎಂಟಕ್ಕೇ ನಿಲ್ಲುತ್ತಿತ್ತು. ನಮ್ಮ ವಿಭಾಗದಲ್ಲಿ ಹತ್ತು ಜನ ಕೂಡಿ ಒಂದು ಲೇಖನ ತಂದೆವೆನ್ನಿ: ಮೊದಲನೆಯವರಿಗೆ 7, ಉಳಿದ ಒಂಬತ್ತು ಮಂದಿಗೆ ಮೂರು ಮೂರು, ಕೂಡಿದರೆ 34. ಹತ್ತು ಸೇರಿನ ಹಸು ಹತ್ತು ಜನ ಹಿಂಡಿದರೆ ಮೂವತ್ನಾಲ್ಕು ಸೇರು ಕೊಡುತ್ತದೆ. ಹಂಚಿ ತಿಂದರೆ ಹಸಿವಿಲ್ಲ ಎಂಬ ಗಾದೆಯ ಹಿಂದೆ ಇಷ್ಟು ಗಣಿತ ಅಡಗಿದೆಯೆಂದು ನಮಗೂ ತಿಳಿದಿರಲಿಲ್ಲ.

ಇನ್ನು ಪ್ರಾಕ್ಕಲ್ಪನೆ. ಅದು ಇಷ್ಟೇ: ಪ್ರಕಟವಾಗುವ ಪ್ರತಿಯೊಂದು ಸಂಶೋಧನ ಲೇಖನವನ್ನೂ, ಪ್ರಕಟವಾಗುವ ಮುನ್ನ, ಬರೆದವನಲ್ಲದ ಯಾರಾದರೊಬ್ಬರು ಓದಿರುತ್ತಾರೆ.

ಪೂರ್ವಾಚಾರ್ಯರ ಮತ

ಸಂಪಾದಕರ ನೀತಿಸಂಹಿತೆಗಾಗಿಯೇ ಇರುವ ‘ಕೋಪ್’ ಎಂಬ ಸಮಿತಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1997ರಲ್ಲಿ. ಕಳ್ಳತನದ ಶಾಸ್ತ್ರವಾದರೋ ನಮ್ಮಲ್ಲಿ ಸಾವಿರ ವರ್ಷ ಹಳೆಯದು. ಕನೌಜಿನ ಆಸ್ಥಾನದಲ್ಲಿದ್ದ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣವನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ: ಪದ, ಪಾದ, ಅರ್ಧ, ವೃತ್ತ, ಪ್ರಬಂಧ. ಕೊನೆಯದನ್ನು ಗಮನಿಸಬೇಕು. ಪ್ರಬಂಧಹರಣ! ಪಿಎಚ್‌ಡಿ ಇರದ ಕಾಲದಲ್ಲಿ ಈ ಶಬ್ದ ಅವನಿಗೆ ಹೊಳೆದದ್ದು ಹೇಗೆ ಎಂಬುದು ಪ್ರತ್ಯೇಕ ಲೇಖನಕ್ಕೆ ವಸ್ತು, ಅಂದರೆ ಪ್ರತ್ಯೇಕ ಹತ್ತು ಅಂಕ.

ಅರ್ಥಹರಣದಲ್ಲಿ ಅವನು ಹೇಳುವ ಬಗೆಗಳು ಇನ್ನೂ ಸೊಗಸು. ಅರ್ಥವೆಲ್ಲ ಮೂಲದ್ದೇ, ಮಾತಿನ ಜೋಡಣೆ ಮಾತ್ರ ಬೇರೆಯಾದರೆ ಅದು ಪ್ರತಿಬಿಂಬಕಲ್ಪ. ತುಸು ಬಣ್ಣ ಬಳಿದು ಬೇರೆಯೆಂಬಂತೆ ತೋರಿಸಿದರೆ ಆಲೇಖ್ಯಪ್ರಖ್ಯ. ಬುಡ ಒಂದೇ ಆಗಿ ಕಟ್ಟಡ ಪೂರಾ ಬೇರೆಯಾದರೆ ಪರಪುರಪ್ರವೇಶ, ಪರರ ಪಟ್ಟಣವನ್ನು ಹೊಗುವುದು. ಪ್ರತಿಬಿಂಬಕಲ್ಪ ಕೂಡದು ಎಂದು ರಾಜಶೇಖರನ ಮತ. ಪಾಪ, ಅವನ ಬಳಿ ಸಾಫ್ಟ್‌ವೇರ್ ಇರಲಿಲ್ಲ. ಈಗ ಪರರ ಪುಟವನ್ನು ಒಂದು ಕಡೆಯಿಂದ ತುರುಕಿದರೆ ಇನ್ನೊಂದು ಕಡೆಯಿಂದ ಪರ್ಯಾಯಪದಗಳಲ್ಲಿ ಮಿಂದು ಹೊರಬರುತ್ತದೆ. ಕಬಾನಾಕ್, ಲಾಬ್ಬೆ, ಮಗಜಿನೊವ್ ಎಂಬ ಮೂವರು 2021ರಲ್ಲಿ ಅಚ್ಚಾದ ಲೇಖನಗಳಿಂದ ಇಂಥ ಮಾತುಗಳನ್ನು ಹೆಕ್ಕಿ ‘ಚಿತ್ರಹಿಂಸೆಗೊಳಗಾದ ನುಡಿಗಟ್ಟು’ ಎಂದು ಹೆಸರಿಟ್ಟರು. ಇಂಗ್ಲಿಷಿನ ಆ ಲೇಖನಗಳಲ್ಲಿ ಕೃತಕ ಬುದ್ಧಿಮತ್ತೆ ಹೋಗಿ ‘ಖೋಟಾ ಪ್ರಜ್ಞೆ’ ಆಗಿತ್ತು. ಸ್ತನ ಕ್ಯಾನ್ಸರ್ ‘ಎದೆಯ ಗಂಡಾಂತರ’ವಾಗಿತ್ತು. ಇವು ಹೆಸರಾಂತ ಪ್ರಕಾಶಕರ ಪತ್ರಿಕೆಗಳಲ್ಲೂ ಅಚ್ಚಾಗಿದ್ದವು. ಎದೆಯ ಗಂಡಾಂತರಕ್ಕೆ ಔಷಧಿ ಏನು ಎಂದು ಒಬ್ಬ ವಿಮರ್ಶಕನೂ ಕೇಳಿರಲಿಲ್ಲ. ಪ್ರಾಕ್ಕಲ್ಪನೆಗೆ ಇದು ಮೊದಲ ಪೆಟ್ಟು.

ಆದರೆ ಶಾಸ್ತ್ರದ ತಿರುಳಿರುವುದು ರಾಜಶೇಖರನ ಮಾತಿನಲ್ಲಲ್ಲ, ಅವನು ಉಲ್ಲೇಖಿಸುವ ಹೆಂಡತಿ ಅವಂತಿಸುಂದರಿಯ ಮಾತಿನಲ್ಲಿ. (ಹೆಂಡತಿಯ ಅಭಿಪ್ರಾಯವನ್ನು ಹೆಸರು ಹೇಳಿ ಉಲ್ಲೇಖಿಸಿದ್ದಾನೆ. ಟೈಪ್ ಮಾಡಿಕೊಟ್ಟಿದ್ದಕ್ಕೆ ಕೃತಜ್ಞತೆ ಎಂದು ಮುನ್ನುಡಿಯಲ್ಲಿ ಮುಗಿಸಿಲ್ಲ. ನೀತಿಯ ದೃಷ್ಟಿಯಿಂದ ಇದು ಅಪರೂಪ.) ಹರಣಕ್ಕೆ ಏನೇನು ಸಮಜಾಯಿಷಿ ಕೊಡಬಹುದೆಂದು ಆಕೆ ಒಂದೊಂದಾಗಿ ಹೇಳುತ್ತಾಳೆ. ಮೂಲದವನನ್ನು ಯಾರೂ ಬಲ್ಲವರಿಲ್ಲ, ನಾನೋ ಪ್ರಸಿದ್ಧ. ಅವನಿಗೆ ಸ್ಥಾನಮಾನವಿಲ್ಲ, ನನಗಿದೆ. ಅವನ ಭಾಷೆಗೆ ಮನ್ನಣೆಯಿಲ್ಲ. ಅವನು ದೂರದೇಶದವನು. ಮೊದಲ ಎರಡನ್ನು ಓದಿದಾಗ ನಾವು ಕುರ್ಚಿಯಿಂದ ಎದ್ದು ಕೈಮುಗಿದೆವು. ಗೈಡು ಮತ್ತು ಸಂಶೋಧನ ವಿದ್ಯಾರ್ಥಿಯ ಸಂಬಂಧವನ್ನು ಇಷ್ಟು ಅಡಕವಾಗಿ ಯಾವ ವಿಶ್ವವಿದ್ಯಾಲಯದ ಸುತ್ತೋಲೆಯೂ ಹೇಳಿಲ್ಲ.

ಇದರ ಎದುರಿಗೆ ಆಧುನಿಕ ಶಾಸ್ತ್ರವನ್ನು ಇಟ್ಟು ನೋಡೋಣ. ಯುಜಿಸಿ 2018ರ ಜುಲೈನಲ್ಲಿ ಕೃತಿಚೌರ್ಯ ತಡೆಯಲು ನಿಯಮಾವಳಿ ತಂದಿತು. ಸಾಮ್ಯ ಶೇ. 10ರವರೆಗಿದ್ದರೆ ದಂಡವಿಲ್ಲ. 10ರಿಂದ 40ರ ತನಕ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 60ರವರೆಗೆ ಹೋದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ದೇಶ ಒಳ್ಳೆಯದೇ. ಆದರೆ ಮುನ್ನೂರು ಪುಟದ ಮಹಾಪ್ರಬಂಧದಲ್ಲಿ ಮೂವತ್ತು ಪುಟಕ್ಕೆ ಮಾಫಿ ಇದೆ ಎಂದು ನಮ್ಮ ವಿದ್ಯಾರ್ಥಿಗಳು ಅದನ್ನು ಅರ್ಥೈಸಿಕೊಂಡರು. ರೈಲಿನಲ್ಲಿ ಇಷ್ಟು ಕಿಲೋ ಲಗೇಜು ಉಚಿತ ಅಂದಮೇಲೆ ಖಾಲಿ ಕೈಯಲ್ಲಿ ಹೋಗುವವರು ಯಾರು?

ಅದೇ ನಿಯಮಾವಳಿಯಲ್ಲಿ ಇನ್ನೊಂದು ರತ್ನವಿದೆ. ಸಾಮಾನ್ಯ ತಿಳಿವಳಿಕೆಯ ಅಥವಾ ಕಾಕತಾಳೀಯವಾದ ಮಾತುಗಳು ಎಡೆಬಿಡದೆ 14 ಪದಗಳವರೆಗೆ ಹೊಂದಿಕೆಯಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರಿಗೆ 14 ಪದವೆಂದರೆ ಅರ್ಧ ವಾಕ್ಯ. ಕನ್ನಡಕ್ಕೆ ಹಾಗಲ್ಲ. ‘ಪ್ರಕಟಿಸಬೇಕಾಗಿಬಂದದ್ದರಿಂದಾಗಿಯೇ’ ಎಂಬುದು ನಮ್ಮಲ್ಲಿ ಒಂದೇ ಪದ. ಇಂಥ ಹದಿನಾಲ್ಕು ಪದದಲ್ಲಿ ಒಂದು ಪ್ಯಾರಾ ಸಾಗಿಸಬಹುದು. ಹಳಗನ್ನಡದ ಚಂಪೂಶೈಲಿಯನ್ನು ರೂಢಿಸಿಕೊಂಡರೆ, ಒಂದು ಸಮಾಸದಲ್ಲಿ ಚತುರಂಗಬಲವನ್ನೇ ನಡೆಸಿದ ಕವಿಗಳ ದಾರಿಯಲ್ಲಿ, ಒಂದು ಅಧ್ಯಾಯವನ್ನೇ ದಾಟಿಸಬಹುದು. ಹಳಗನ್ನಡಕ್ಕೆ ವಿದ್ಯಾರ್ಥಿಗಳು ಬರುತ್ತಿಲ್ಲ ಎಂದು ಗೋಳಿಡುವವರು ಈ ಉಪಯೋಗವನ್ನು ಪ್ರಚಾರ ಮಾಡಬೇಕು.

ಹಳೆಯ ‘ನುಡಿ’ ಫಾಂಟಿನ ಮಹಿಮೆಯಂತೂ ಹೇಳತೀರದು. ಯೂನಿಕೋಡ್ ಅಲ್ಲದ ನುಡಿಯಲ್ಲಿ ಟೈಪಿಸಿದ್ದು ನಮ್ಮ ಕಣ್ಣಿಗೆ ಕನ್ನಡ, ಸಾಮ್ಯ ಅಳೆಯುವ ಯಂತ್ರದ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ‘ಕನ್ನಡ’ ಎಂಬ ಮಾತು ಅದಕ್ಕೆ ಒಂದು ಪೀ, ಒಂದು ಪೌಂಡ್ ಚಿಹ್ನೆ, ಒಂದು ಕ್ಯೂ, ನಡುನಡುವೆ ತಲೆಯ ಮೇಲೆ ಗೀಟು ಎಳೆದ ಎ ಆಗಿ ಕಾಣುತ್ತದೆ. ಇಂಥದ್ದನ್ನು ಚೆಕ್ ಮಾಡಿಸಿದಾಗ ನಮ್ಮ ಲೇಖನದ ಸಾಮ್ಯ ಶೇ. 0 ಎಂದು ಬಂತು. ಅಷ್ಟು ಸ್ವಂತಿಕೆ ನಮ್ಮಲ್ಲಿತ್ತೆಂದು ನಮ್ಮ ಮನೆಯವರೂ ನಂಬಲಿಲ್ಲ.

ಪತ್ರಿಕೆಗಳು, ಪಟ್ಟಿಗಳು

ಪತ್ರಿಕೆ ಯೋಗ್ಯವೋ ಅಯೋಗ್ಯವೋ ಎಂದು ತಿಳಿಯಲು ನಮ್ಮ ಕಾಲೇಜುಗಳಲ್ಲಿ ಕೇಳುವ ಒಂದೇ ಪ್ರಶ್ನೆ, ‘ಐಎಸ್‌ಎಸ್‌ಎನ್ ಇದೆಯಾ?’ ಅದು ನಿಯತಕಾಲಿಕವನ್ನು ಗುರುತಿಸಲು ಕೊಡುವ ಎಂಟು ಅಂಕಿಯ ಸಂಖ್ಯೆ, ಅಷ್ಟೆ. ಬಸ್ಸಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ಬ್ರೇಕ್ ಹಿಡಿಯುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಯುಜಿಸಿ 2017ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿ ಮಾಡಿತು, 2018ರ ಮೇನಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಅದರ ಜಾಗಕ್ಕೆ ಕೇರ್ ಎಂಬ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದೂ ಹೋಯಿತು. ಇನ್ನು ಪತ್ರಿಕೆಯ ಯೋಗ್ಯತೆಯನ್ನು ಅಧ್ಯಾಪಕರೇ ಓದಿ ನಿರ್ಧರಿಸಿಕೊಳ್ಳಲಿ ಎಂಬ ಧಾಟಿಯಲ್ಲಿ ಸೂಚನೆ ಹೊರಟಿತು. ಓದಿ! ನಮ್ಮ ಸ್ಟಾಫ್ ರೂಮಿನಲ್ಲಿ ಅಂದು ಚಹಾ ಯಾರಿಗೂ ರುಚಿಸಲಿಲ್ಲ.

ದುಡ್ಡು ಕೊಟ್ಟರೆ ಏನನ್ನೂ ಅಚ್ಚುಹಾಕುವ ಬೇಟೆಗಾರ ಪತ್ರಿಕೆಗಳು ಸಂಪಾದಕ ಮಂಡಳಿಯನ್ನು ಆರಿಸುವ ಕ್ರಮಕ್ಕೆ ಎರಡು ನಿದರ್ಶನ ಸಾಕು. ಪೋಲೆಂಡಿನ ಕೆಲವು ಸಂಶೋಧಕರು ಅನ್ನಾ ಓ. ಷುಸ್ಟ್ ಎಂಬ ಇಲ್ಲದ ವಿದುಷಿಯನ್ನು ಸೃಷ್ಟಿಸಿ 360 ಪತ್ರಿಕೆಗಳಿಗೆ ಅರ್ಜಿ ಹಾಕಿದರು. ಅವರ ಭಾಷೆಯಲ್ಲಿ ‘ಓಷುಸ್ಟ್’ ಎಂದರೆ ಮೋಸಗಾರ. 48 ಪತ್ರಿಕೆಗಳು ಆಕೆಯನ್ನು ಸಂಪಾದಕಿಯಾಗಿ ಸ್ವಾಗತಿಸಿದವು. 2017ರಲ್ಲಿ ‘ನೇಚರ್’ ಈ ಕಥೆಯನ್ನು ಪ್ರಕಟಿಸಿತು. ಅದೇ ವರ್ಷ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಪ್ರೊ. ಮೈಕ್ ಡೌಬ್ ಅವರ ನಾಯಿ ಆಲಿ, ಡಾ. ಒಲಿವಿಯಾ ಡಾಲ್ ಎಂಬ ಹೆಸರಿನಲ್ಲಿ ಏಳು ವೈದ್ಯಕೀಯ ಪತ್ರಿಕೆಗಳ ಮಂಡಳಿಯಲ್ಲಿ ಇದ್ದದ್ದು ಬೆಳಕಿಗೆ ಬಂತು. ಮಧ್ಯಮ ಗಾತ್ರದ ನಾಯಿಗಳ ಹೊಟ್ಟೆ ಸವರುವುದರಿಂದಾಗುವ ಲಾಭ ಅದರ ಸಂಶೋಧನ ಕ್ಷೇತ್ರವಾಗಿತ್ತು. ಲೇಖಕ ಬೆಕ್ಕು, ಸಂಪಾದಕ ನಾಯಿ. ಓದುಗನ ಜಾಗಕ್ಕೆ ಇಲಿಯ ಹೆಸರು ಕೇಳಿಬರುತ್ತಿದೆ. ಗ್ರಂಥಾಲಯದ ಹಳೆಯ ಸಂಪುಟಗಳನ್ನು ಕಂಡರೆ ನಿಜವೆನ್ನಿಸುತ್ತದೆ.

ನಮಗೂ ಒಂದು ಆಹ್ವಾನ ಬಂದಿತ್ತು. ಜಾನಪದದಲ್ಲಿ ಎತ್ತಿನ ಬಗ್ಗೆ ನಾವು ಬರೆದ ಲೇಖನದಿಂದ ಪ್ರಭಾವಿತರಾಗಿ, ಪಶುವೈದ್ಯ ಪತ್ರಿಕೆಯೊಂದರವರು ನಮ್ಮನ್ನು ಪರಮಪೂಜ್ಯ ವಿಜ್ಞಾನಿಗಳೇ ಎಂದು ಕರೆದು, ಕಾಲುಬಾಯಿ ಜ್ವರದ ವಿಶೇಷ ಸಂಚಿಕೆಗೆ ಅತಿಥಿ ಸಂಪಾದಕರಾಗಿರೆಂದು ಕೋರಿದ್ದರು. ಒಪ್ಪಿಕೊಂಡೆವೋ ಇಲ್ಲವೋ ಎಂಬುದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಕ್ಷೇತ್ರಕಾರ್ಯ

ಹೀಗೆ ಪ್ರಾಕ್ಕಲ್ಪನೆ ಬಿದ್ದೇಹೋಯಿತು ಎನ್ನುವಷ್ಟರಲ್ಲಿ, ವಿಶ್ವವಿದ್ಯಾಲಯದ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅದಕ್ಕೆ ಜೀವ ಬಂತು. ಈ ಪ್ರಬಂಧಕ್ಕಿಂತ ಹಿಂದಿನ ಲೇಖನವೊಂದನ್ನು ಡಿಟಿಪಿಗೆ ಕೊಟ್ಟು ನಾವು ಸ್ಟೂಲಿನ ಮೇಲೆ ಕೂತಿದ್ದೆವು. ಟೈಪ್ ಮಾಡುವ ಹೆಣ್ಣುಮಗಳು ಪಕ್ಕದಲ್ಲಿ ನಮ್ಮ ಹಸ್ತಪ್ರತಿ ಇಟ್ಟು, ಅದು ಹಾರದಂತೆ ಸ್ಟೇಪ್ಲರ್ ಹೇರಿ, ಹಾಳೆಯಿಂದ ಕಣ್ಣು ಕೀಳದೆ ಕುಟ್ಟುತ್ತಿದ್ದಳು. ಮೂರನೆಯ ಪುಟದಲ್ಲಿ ಬೆರಳು ನಿಂತಿತು.

“ಸಾರ್, ‘ಮೇಲೆ ಹೇಳಿದ ಮೂರು ಕಾರಣಗಳು’ ಅಂತ ಬರ್ದಿದೀರ. ಮೇಲೆ ಎರಡೇ ಇರೋದು.”

ನೋಡಿದೆವು. ಎರಡೇ ಇತ್ತು. ಇಪ್ಪತ್ತಾರು ಲೇಖನ ಪ್ರಕಟಿಸಿದ ನಮಗೆ ದೊರೆತ ಮೊತ್ತಮೊದಲ ಪೀರ್ ರಿವ್ಯೂ ಅದು. ‘ಮೂರು’ ಹೊಡೆದು ‘ಹಲವು’ ಮಾಡಿಸಿದೆವು. ಪ್ರಾಕ್ಕಲ್ಪನೆ ಅಲ್ಲಿಗೇ ಸಾಬೀತಾಗಿತ್ತು, ಎದ್ದು ಬರಬಹುದಿತ್ತು. ಬಿಲ್ಲು ಕೊಡಬೇಕಿದ್ದರಿಂದ ಕೂತೆವು. ಐದನೆಯ ಪುಟದಲ್ಲಿ ಅವಳು ಮತ್ತೆ ನಿಂತಳು. ಈ ಸಲ ಹಸ್ತಪ್ರತಿಯನ್ನು ಕೈಗೆತ್ತಿಕೊಂಡು ಓದಿದಳು.

“ಇದನ್ನ ನಾನು ಮೊದ್ಲೇ ಟೈಪ್ ಮಾಡಿದೀನಿ ಸಾರ್.”

“ಯಾವಾಗಮ್ಮ?”

“ಹೋದ ವರ್ಷ ಥೀಸಿಸ್ ಮಾಡ್ಸೋಕೆ ಒಬ್ಳು ಬರ್ತಿದ್ಲಲ್ಲ, ಅರಕಲಗೂಡು ಕಡೆ ಹುಡುಗಿ. ಮಗೂನ ಎತ್ಕೊಂಡು ಬರೋಳು. ನಾಲ್ಕನೇ ಚಾಪ್ಟರ್ ಇದು. ‘ಒಕ್ಕಲು’ ಅಂತ ಒಂದು ಪದಕ್ಕೆ ಮೂರು ಸಲ ತಿದ್ಸಿದ್ಲು, ಅದಕ್ಕೇ ನೆನಪಿದೆ.”

ನಾವು ಫ್ಯಾನಿನ ಕಡೆ ನೋಡಿದೆವು. ಅವಳು ಯಾವುದೋ ಫೋಲ್ಡರ್ ತೆರೆದು, ಇನ್ನೊಂದು ಫೋಲ್ಡರ್ ತೆರೆದು, ಫೈಲು ಹುಡುಕಿ ಪರದೆಯ ಮೇಲೆ ತಂದಳು. ಮೊದಲ ಪುಟದಲ್ಲಿ ಮಾರ್ಗದರ್ಶಕರು ಎಂಬಲ್ಲಿ ನನ್ನ ಹೆಸರು ಹದಿನಾರು ಪಾಯಿಂಟಿನ ದಪ್ಪ ಅಕ್ಷರದಲ್ಲಿತ್ತು. ನಾನು ಸ್ಟೂಲಿನಿಂದ ಎದ್ದೆ. (ಇಲ್ಲಿ ಏಕವಚನ ಬಂದದ್ದು ಮುದ್ರಣದೋಷವಲ್ಲ.)

“ಅಲ್ಲಿಂದಾನೇ ಕಾಪಿ ಪೇಸ್ಟ್ ಮಾಡ್ಬಿಡ್ಲಾ ಸಾರ್?” ಎಂದಳು. “ನಿಮಗೆ ನಾಲ್ಕು ಪುಟದ ದುಡ್ಡು ಉಳಿಯತ್ತೆ.”