ಉತ್ತಂಗಿಯ ಪಾದ್ರಿಯೂ ನಮ್ಮ ಕಂಡಕ್ಟರ್ ಅಯ್ಯನವರೂ

ಪೌರೋಹಿತ್ಯವೆಂಬುದು ಒಮ್ಮೆ ಹೆಗಲೇರಿತೆಂದರೆ ಸುಲಭವಾಗಿ ಇಳಿಯತಕ್ಕುದಲ್ಲವೆಂಬ ಸಂಗತಿಯನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹುಟ್ಟಿದವರಿಗೆ ಯಾರೂ ಬೋಧಿಸಬೇಕಾಗಿಲ್ಲ. ಮಾಘಮಾಸ ಬಂದಿತೆಂದರೆ ಕೊಟ್ಟೂರೇಶ್ವರನು ತೇರನ್ನೇರಬೇಕು. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯಬೇಕು. ಉಜ್ಜಿನಿಯಲ್ಲಿ ದೇಗುಲದ ಶಿಖರಕ್ಕೇ ಎಣ್ಣೆಯೆರೆಯಬೇಕು. ದೇವರುಗಳಿಗೇ ಇಷ್ಟೊಂದು ದುಡಿಮೆಯಿರುವ ನಾಡಿನಲ್ಲಿ ಅವರ ಸೇವಕನೊಬ್ಬನು ‘ನನಗಿದು ಸಾಕು’ ಎಂದು ಎದ್ದು ಹೊರಟರೆ ಜನ ಒಪ್ಪುವುದೆಂತು?

ನಮ್ಮ ಓಣಿಯ ಅಯ್ಯನವರೊಬ್ಬರು ಹಾಗೆ ಎದ್ದು ಹೊರಟರು. ತಂದೆಯಿಂದ ಬಂದ ಪೂಜೆ, ಭಿಕ್ಷೆ, ಲಗ್ನಕಾರ್ಯಗಳನ್ನೆಲ್ಲ ತಮ್ಮನಿಗೊಪ್ಪಿಸಿ, ಖಾಕಿ ಅಂಗಿಯನ್ನು ತೊಟ್ಟು, ಇದೇ ಐದು ಊರುಗಳ ನಡುವೆ ತಿರುಗುವ ಬಸ್ಸಿಗೆ ಕಂಡಕ್ಟರಾದರು. ಆದರೆ ಜೋಳಿಗೆ ಹೋಗಿ ಚರ್ಮದ ಚೀಲ ಬಂದುದರಲ್ಲಿ ನಮ್ಮ ಜನಕ್ಕೆ ಅಂಥ ಮಹತ್ತರ ವ್ಯತ್ಯಾಸವೇನೂ ತೋರಲಿಲ್ಲ. ಮೊದಲು ಬಾಗಿಲಿಗೆ ಬಂದು ಪಡೆಯುತ್ತಿದ್ದವರು ಈಗ ಸೀಟಿಗೆ ಬಂದು ಪಡೆಯುತ್ತಾರೆ, ಅಷ್ಟೆ. ಸಂತೆಯ ದಿನ ಕಾಲಿಡಲೂ ಎಡೆಯಿಲ್ಲದ ಬಸ್ಸಿನಲ್ಲಿ ಮುದುಕಿಯರು ಬಗ್ಗಿ ಅವರ ಪಾದವನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ಯಾರ ಪಾದವೆಂಬುದು ಗೌಣ, ನಮಸ್ಕಾರ ಮಾತ್ರ ಸಂದಿತೆಂದೇ ಲೆಕ್ಕ. ಟಿಕೇಟಿಲ್ಲದೆ ಕೂತವರನ್ನು ಗದರಿಸಿದರೆ, “ಅಯ್ಯನೋರ ಬಾಯಾಗ ಇಂಥ ಮಾತು ಬರಬಾರದ್ರಿ” ಎಂಬ ಧರ್ಮೋಪದೇಶ ಅವರಿಗೇ ಆಗುತ್ತಿತ್ತು. ತಪಾಸಣೆಗೆಂದು ಹತ್ತಿದ ಅಧಿಕಾರಿಯು ಚೀಲದ ಲೆಕ್ಕವನ್ನು ನೋಡಿ ಮುಗಿಸಿದವನೇ ದನಿಯನ್ನು ತಗ್ಗಿಸಿ, ಮಗಳ ಮದುವೆಗೆ ವೈಶಾಖದಲ್ಲಿ ಒಳ್ಳೆಯ ದಿನ ಯಾವುದಿದೆಯೆಂದು ವಿಚಾರಿಸಿದನು.

ಹೀಗೆ ವೃತ್ತಿಯನ್ನು ಬಿಟ್ಟರೂ ವೃತ್ತಿಯು ಬಿಡದವರನ್ನು ಕಂಡಾಗಲೆಲ್ಲ ನನಗೆ ಇದಕ್ಕೆ ತದ್ವಿರುದ್ಧವಾಗಿ ಬಾಳಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರ ನೆನಪಾಗುತ್ತದೆ. ಹಡಗಲಿ ತಾಲ್ಲೂಕಿನ ಉತ್ತಂಗಿಯನ್ನು ಮನೆತನದ ಹೆಸರಾಗಿ ಹೊತ್ತು, 1881ರಲ್ಲಿ ಧಾರವಾಡದಲ್ಲಿ ಜನಿಸಿ, ಮಂಗಳೂರಿನಲ್ಲಿ ಕ್ರೈಸ್ತ ಧರ್ಮಶಾಸ್ತ್ರವನ್ನು ಅಭ್ಯಸಿಸಿ, ಬಾಸೆಲ್ ಮಿಷನ್ನಿನ ಪಾದ್ರಿಗಳಾದ ಈ ಮಹನೀಯರು ರಾಜೀನಾಮೆಯ ಗೊಡವೆಗೆ ಹೋಗದೆಯೇ ಒಳಗೊಳಗೆ ಮತ್ತೊಂದು ದೀಕ್ಷೆಯನ್ನು ಪಡೆದುಬಿಟ್ಟರು. ಅದನ್ನಿತ್ತ ಗುರುವಾದರೂ ಯಾವ ಮಠಕ್ಕೂ ಬಾಗದ, ಯಾವ ಪುರೋಹಿತನನ್ನೂ ಬಿಡದೆ ಚುಚ್ಚಿದ ಸರ್ವಜ್ಞ! ಊರೂರಿಗೆ ಸುವಾರ್ತೆಯನ್ನು ಹೊತ್ತು ಹೋದವರು ಮರಳುವಾಗ ತ್ರಿಪದಿಗಳನ್ನು ಹೊತ್ತು ಬಂದರು. ವರ್ಷಾಂತ್ಯದ ವರದಿಯಲ್ಲಿ ‘ದೊರೆತ ಆತ್ಮಗಳು’ ಎಂಬ ಅಂಕಣವೊಂದಿದ್ದಿದ್ದರೆ ಅದರಲ್ಲಿ ಅವರು ಏನನ್ನು ತುಂಬುತ್ತಿದ್ದರೋ ಎಂದು ಕಲ್ಪಿಸಿಕೊಂಡು ನಾನು ಒಬ್ಬನೇ ನಕ್ಕದ್ದುಂಟು. 1924ರಲ್ಲಿ ಎರಡು ಸಾವಿರದಷ್ಟು ವಚನಗಳು ಗ್ರಂಥರೂಪದಲ್ಲಿ ಹೊರಬಂದವು. ಪುರೋಹಿತವರ್ಗದ ಮೇಲಣ ಬೈಗುಳಗಳನ್ನು ಇಷ್ಟು ಶ್ರದ್ಧೆಯಿಂದ ಸಂಗ್ರಹಿಸಿ, ಶೋಧಿಸಿ, ಅಚ್ಚು ಹಾಕಿಸಿದ ಪುರೋಹಿತನು ಲೋಕದಲ್ಲಿ ಮತ್ತೊಬ್ಬನಿರಲಾರನು.

ಆ ಮಿಷನ್ನಿನ ನೀರಿನಲ್ಲೇ ಏನೋ ಇದ್ದಿರಬೇಕು. ಅದರ ಮೋಗ್ಲಿಂಗ್ ಸಾಹೇಬರು ಮತಬೋಧೆಗೆಂದು ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ದ ಸಂಪಾದಕರಾದರು, 1853ರಲ್ಲಿ ಬಂದಿಳಿದ ಕಿಟ್ಟೆಲ್ ಎಷ್ಟು ಮಂದಿಯನ್ನು ಸಭೆಗೆ ಸೇರಿಸಿದರೋ, 1894ರ ತಮ್ಮ ನಿಘಂಟಿಗಂತೂ ಎಪ್ಪತ್ತು ಸಾವಿರದಷ್ಟು ಪದಗಳನ್ನು ಸೇರಿಸಿದರು. ಚನ್ನಪ್ಪನವರಾದರೋ ಇನ್ನೂ ಮುಂದೆ ಹೋಗಿ ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದೇ ಕರೆದುಕೊಂಡರು. ಈ ತಿರುಕನನ್ನು 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನವು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಅನುಭವಮಂಟಪವೆಂಬುದು ನಿಜವಾಗಿ ಇದ್ದಿತೇ ಎಂದು ಪಂಡಿತರು ಸಂಶಯಪಟ್ಟಾಗ, ಇದ್ದಿತೆಂದು 1951ರಲ್ಲಿ ಪುಸ್ತಕವನ್ನೇ ಬರೆದು ವಾದಿಸಿದವರೂ ಈ ಪಾದ್ರಿಗಳೇ. ಶರಣರ ಪರವಾಗಿ ವಕಾಲತ್ತು ಹಿಡಿಯಲು ಯೇಸುವಿನ ಭಕ್ತರು ಬರಬೇಕಾಯಿತೆಂದು ನಮ್ಮ ಮಠದವರಿಗೆ ಒಳಗೊಳಗೆ ಸಂಕೋಚವಾದದ್ದಿದ್ದರೆ, ಆಗಬೇಕಾದದ್ದೇ.

ನನ್ನ ಅಜ್ಜಿಗೆ ಸರ್ವಜ್ಞನೆಂದರೆ ಪ್ರಾಣ. ಸೊಸೆಯಂದಿರನ್ನು ಬಯ್ಯುವುದಕ್ಕೂ ಹೊಗಳುವುದಕ್ಕೂ ಆಕೆ ಅವನನ್ನೇ ಕರೆಯುತ್ತಿದ್ದಳು. ನಾನು ಓದಿ ಹೇಳುತ್ತಿದ್ದ ಪುಸ್ತಕವನ್ನು ಕೂಡಿಸಿದವರು ಪಾದ್ರಿಗಳೆಂದು ಒಂದು ದಿನ ತಿಳಿಸಿದಾಗ, ಆಕೆ ಕ್ಷಣಕಾಲ ಎಲೆಯಡಿಕೆಯನ್ನು ಅಗಿಯುವುದನ್ನು ನಿಲ್ಲಿಸಿದಳು. ಬರಲಿರುವ ಬಿರುಗಾಳಿಗೆ ನಾನು ಸಿದ್ಧನಾದೆನು.

“ಅಲ್ಲಪ್ಪಾ, ಅಷ್ಟು ಊರು ತಿರುಗ್ಯಾರಲ್ಲ, ಯಾರ ಮನ್ಯಾಗ ಉಣ್ತಿದ್ರು?” ಎಂದು ಕೇಳಿದಳು.

ನನಗೆ ತಿಳಿಯದೆಂದೆ.

“ನಮ್ಮೂರಿಗೆ ಬಂದಿದ್ರ ನಮ್ಮತ್ತಿ ರೊಟ್ಟಿ ಕೊಡದ ಕಳಿಸಿರಂಗಿಲ್ಲ ಬಿಡು,” ಎಂದು ತಾನೇ ಸಮಾಧಾನಪಟ್ಟುಕೊಂಡು, ಮತ್ತೆ ಅಗಿಯತೊಡಗಿ, ಸತ್ಯಕ್ಕೆ ಅಪಚಾರವಾಗಬಾರದೆಂಬಂತೆ ಸೇರಿಸಿದಳು: “ಆದ್ರ ಕಟ್ಟಿ ಮ್ಯಾಲೇ ಕುಂದ್ರಿಸಿ ಕೊಟ್ಟಿರ್ತಾಳ.”